ಆತಂಕದ ಲೆಕ್ಕದಲ್ಲಿ ಹೆಂಗಸರು, ಸಾವಿನ ಲೆಕ್ಕದಲ್ಲಿ ಗಂಡಸರು: ಎರಡೂ ಹೇಗೆ ನಿಜ?

2025ರ ಸೆಪ್ಟೆಂಬರ್‌ನಲ್ಲಿ ಎರಡು ವರದಿಗಳು ಬಂದವು. ತಿಂಗಳ ಶುರುವಿನಲ್ಲಿ ಬಂದದ್ದು ವಿಶ್ವ ಆರೋಗ್ಯ ಸಂಸ್ಥೆಯದು. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಅದರಲ್ಲಿ ಆತಂಕ ಮತ್ತು ಖಿನ್ನತೆಯೇ ಜಾಸ್ತಿ, ಹೊರೆ ಹೆಚ್ಚಾಗಿ ಬಿದ್ದಿರುವುದು ಹೆಂಗಸರ ಮೇಲೆ ಎಂದು ಅದು ಹೇಳಿತು. ತಿಂಗಳ ಕೊನೆಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2023ರ ಅಂಕಿಅಂಶ ಬಂತು. ಆ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,71,418. ಅವರಲ್ಲಿ ಶೇ 72.8ರಷ್ಟು ಗಂಡಸರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿದೆ, ಅಲ್ವಾ? ವಾಟ್ಸ್ಆ್ಯಪ್ ಗುಂಪಿನಲ್ಲಿ ಜಗಳಕ್ಕೆ ಇಷ್ಟು ಸಾಕು. ಒಬ್ಬರು ಮೊದಲನೆಯದನ್ನು ಫಾರ್ವರ್ಡ್ ಮಾಡುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಅಂಕಿ ಎರಡೂ ಸರಿ. ಆದರೆ ಒಂದನ್ನು ಎಣಿಸಿದ್ದು ಪ್ರಶ್ನೆ ಕೇಳಿ, ಇನ್ನೊಂದನ್ನು ಎಣಿಸಿದ್ದು ಪೊಲೀಸ್ ಠಾಣೆಯ ಕಡತದಲ್ಲಿ. ಎಲ್ಲಿ ಕೂತು ಎಣಿಸಿದರೆ ಯಾರು ಕಾಣುತ್ತಾರೆ ಅನ್ನುವುದು ಗೊತ್ತಾದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಗಾಬರಿ ಬೇರೆ, ಕಾಯಿಲೆ ಬೇರೆ

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಕತ್ತಲಾದರೂ ಮಗಳು ಮನೆಗೆ ಬರದಿದ್ದರೆ ಎದೆ ಡವಡವ ಅನ್ನುವುದು ಕಾಯಿಲೆಯಲ್ಲ. ಅದು ಎಲ್ಲರಿಗೂ ಆಗುತ್ತದೆ. ಆಗದಿದ್ದರೇ ತೊಂದರೆ. ಕಾರಣ ಹೋದ ಮೇಲೂ ಗಾಬರಿ ಹೋಗದೆ, ತಿಂಗಳುಗಟ್ಟಲೆ ಉಳಿದು ಊಟ, ನಿದ್ದೆ, ಕೆಲಸ ಕೆಡಿಸಿದರೆ ವೈದ್ಯರು ಅದನ್ನು ಆತಂಕದ ಕಾಯಿಲೆ ಅನ್ನುತ್ತಾರೆ.

ಇದರಲ್ಲಿ ಹಲವು ಬಗೆ. ಬೆಳಗೆದ್ದಾಗಿನಿಂದ ಎಲ್ಲದರ ಬಗ್ಗೆಯೂ ಚಿಂತೆ ಮಾಡುವುದು ಒಂದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಬೆವತು, ಇನ್ನೇನು ಸತ್ತೇಹೋದೆ ಅನ್ನಿಸುವ ಪ್ಯಾನಿಕ್ ಇನ್ನೊಂದು. ಹಾವು, ಎತ್ತರ, ಲಿಫ್ಟ್ ಇಂಥ ಒಂದೇ ವಿಷಯದ ವಿಪರೀತ ಭಯ ಫೋಬಿಯಾ. ನಾಲ್ಕು ಜನರ ಎದುರು ಮಾತಾಡಲು, ಮದುವೆಮನೆಯ ಪಂಕ್ತಿಯಲ್ಲಿ ಕೂತು ಉಣ್ಣಲು ಕೂಡ ಕೈ ನಡುಗುವುದು ಸಾಮಾಜಿಕ ಆತಂಕ.

ಅಮೆರಿಕದಲ್ಲಿ 20,013 ವಯಸ್ಕರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಬದುಕಿನಲ್ಲಿ ಒಮ್ಮೆಯಾದರೂ ಆತಂಕದ ಕಾಯಿಲೆ ಬಂದವರನ್ನು ಎಣಿಸಿದರೆ, ಗಂಡಸರಲ್ಲಿ 10 ಮಂದಿಗೆ ಇದ್ದ ಕಡೆ ಹೆಂಗಸರಲ್ಲಿ 17 ಮಂದಿಗೆ ಇತ್ತು. ಬೇರೆ ದೇಶಗಳ ಸಮೀಕ್ಷೆಗಳಲ್ಲೂ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟಿನ ಅಂತರವೇ ಸಿಗುತ್ತದೆ. ಆದರೆ ಆ ಅಧ್ಯಯನದಲ್ಲೇ ಒಂದು ವಿಚಿತ್ರ ಇತ್ತು. ಸಾಮಾಜಿಕ ಆತಂಕದಲ್ಲಿ ಮಾತ್ರ ಹೆಣ್ಣು ಗಂಡು ಸಮ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಹಾನ್ಸ್ ಲೆಕ್ಕದ ತಿರುವು

ನಮ್ಮ ದೇಶದ ಚಿತ್ರ ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. (ಆ 12ರಲ್ಲಿ ಕರ್ನಾಟಕ ಇರಲಿಲ್ಲ.) ಚಿಂತೆ, ಭಯ, ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆಗಳು ಶೇ 3.5ರಷ್ಟು ವಯಸ್ಕರಲ್ಲಿದ್ದವು. ಗಂಡಸರಿಗಿಂತ ಹೆಂಗಸರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಇಲ್ಲಿಯವರೆಗೆ ಕಥೆ ಅಮೆರಿಕದ್ದೇ.

ಆದರೆ ಎಲ್ಲ ಮಾನಸಿಕ ಕಾಯಿಲೆಗಳನ್ನೂ ಕೂಡಿಸಿದಾಗ ಲೆಕ್ಕ ತಿರುಗಿಬಿತ್ತು. ಗಂಡಸರಲ್ಲಿ ಶೇ 13.9, ಹೆಂಗಸರಲ್ಲಿ ಶೇ 7.5. ಯಾಕೆ ಅಂದರೆ, ಆ ಮೊತ್ತದಲ್ಲಿ ಕುಡಿತದ ಚಟವೂ ಸೇರಿದೆ. ಆ ಕಾಲಂನಲ್ಲಿ ಇರುವವರು ಬಹುಪಾಲು ಗಂಡಸರೇ. 2019ರಲ್ಲಿ ಬಂದ ಮಾದಕ ವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲೂ ಹಾಗೇ: ಮದ್ಯ ಸೇವಿಸುವ ಗಂಡಸರು ಶೇ 27.3, ಹೆಂಗಸರು ಶೇ 1.6.

ಕುಡಿಯುವವರೆಲ್ಲ ಗಾಬರಿ ಮರೆಯಲು ಕುಡಿಯುತ್ತಾರೆ ಅಂತ ಇದರಿಂದ ತೀರ್ಮಾನಿಸಲು ಆಗುವುದಿಲ್ಲ. ಆದರೆ ಒಂದು ಸರಪಳಿ ವೈದ್ಯರಿಗೆಲ್ಲ ಗೊತ್ತಿರುವಂಥದ್ದು. ಮದ್ಯ ಒಳಗೆ ಹೋದ ತಕ್ಷಣ ಮೆದುಳಿನ ಗಡಿಬಿಡಿ ಇಳಿಯುತ್ತದೆ, ಎದೆಬಡಿತ ಹಗುರವಾದಂತೆ ಅನ್ನಿಸುತ್ತದೆ. ನಶೆ ಇಳಿದಾಗ ಅದೇ ಗಡಿಬಿಡಿ ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತದೆ: ಬೆಳಗಿನ ಜಾವ ಎಚ್ಚರ, ಬೆವರು, ಕೈನಡುಕ. ಅದಕ್ಕೆ ಮತ್ತೆ ಒಂದು ಕ್ವಾರ್ಟರ್. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮೊದಲು ಗಾಬರಿ ಇತ್ತೋ ಕುಡಿತ ಇತ್ತೋ ಅನ್ನುವುದು ಮನೆಯವರಿಗೂ ಗೊತ್ತಿರುವುದಿಲ್ಲ. ಕೇಸ್ ಶೀಟಿನಲ್ಲಿ ಕುಡಿತ ಅಂತ ಬೀಳುತ್ತದೆ.

ಏಳು ಪ್ರಶ್ನೆಗಳ ಹಾಳೆ

ಆತಂಕ ಅಳೆಯಲು ಜಗತ್ತಿನಾದ್ಯಂತ ತುಂಬ ಬಳಕೆಯಲ್ಲಿರುವುದು 2006ರಲ್ಲಿ ಬಂದ ಜಿಎಡಿ-7 ಎಂಬ ಪ್ರಶ್ನಾವಳಿ. ಒಂದೇ ಹಾಳೆ, ಏಳು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯಿತು ಅಂತ ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 21. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸಬೇಕು ಅಂತ ಲೆಕ್ಕ.

ಪ್ರಶ್ನೆಗಳನ್ನು ಹತ್ತಿರದಿಂದ ನೋಡಿ. ಮನಸ್ಸು ತಳಮಳ ಅಂತಿತ್ತಾ? ಚಿಂತೆ ನಿಲ್ಲಿಸಲು ಆಗುತ್ತಿರಲಿಲ್ಲವಾ? ಬೇರೆ ಬೇರೆ ವಿಷಯಕ್ಕೆ ಅತಿಯಾಗಿ ಯೋಚನೆ ಮಾಡಿದಿರಾ? ಆರಾಮಾಗಿ ಇರಲು ಕಷ್ಟವಾಯಿತಾ? ಕೂತಲ್ಲಿ ಕೂರಲು ಆಗಲಿಲ್ಲವಾ? ಬೇಗ ಸಿಟ್ಟು ಬರುತ್ತಿತ್ತಾ? ಏನೋ ಕೆಟ್ಟದ್ದು ಆಗಿಬಿಡುತ್ತದೆ ಅಂತ ಹೆದರಿಕೆ ಆಯಿತಾ? ಹೆಚ್ಚಿನವು ಒಳಗಿನ ಭಾವನೆಯನ್ನು ತಾನೇ ಗುರುತಿಸಿ, ಒಪ್ಪಿಕೊಂಡು, ಹೇಳಬೇಕಾದವು. ಸಿಟ್ಟಿಗೆ ಒಂದೇ ಒಂದು ಪ್ರಶ್ನೆ. ಎದೆಬಡಿತ, ಹೊಟ್ಟೆನೋವು, ಕುಡಿತ, ಸಾಲದ ಮಾತೇ ಇಲ್ಲ.

'ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬಾರದು' ಎಂದು ಗಾದೆ ಕಟ್ಟಿದ ನಾಡು ನಮ್ಮದು. ಆ ಗಾದೆ ಕೇಳಿಕೊಂಡು ಬೆಳೆದ 45ರ ಗಂಡಸಿಗೆ, ಅದೂ ಪರಿಚಯವಿಲ್ಲದ ಹುಡುಗಿಯೊಬ್ಬಳು ಹಾಳೆ ಹಿಡಿದು 'ಹೆದರಿಕೆ ಆಗುತ್ತಾ ಸಾರ್?' ಅಂತ ಕೇಳಿದರೆ ಎಷ್ಟು ಅಂಕ ಬರಬಹುದು?

ಇದು ಬರೀ ಊಹೆಯಲ್ಲ. 1992ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟವಾಯಿತು. ಕಾಲೇಜು ಹುಡುಗ ಹುಡುಗಿಯರಿಗೆ ಭಯದ ಪಟ್ಟಿ ಕೊಟ್ಟು ಅಂಕ ಹಾಕಿಸಿದರು. ಆಮೇಲೆ ಇನ್ನೊಮ್ಮೆ ಕೊಟ್ಟರು. ಈ ಸಲ, 'ಆ ವಸ್ತುಗಳ ವಿಡಿಯೊ ತೋರಿಸಿ ನಿಮ್ಮ ಎದೆಬಡಿತ ಅಳೆಯುತ್ತೇವೆ' ಎಂದು ಮೊದಲೇ ಹೇಳಿದ್ದರು. ಸುಳ್ಳು ಸಿಕ್ಕಿಬೀಳುತ್ತದೆ ಅಂತ ಗೊತ್ತಾದಾಗ ಹುಡುಗಿಯರ ಅಂಕ ಇದ್ದಲ್ಲೇ ಇತ್ತು. ಹುಡುಗರ ಅಂಕ ಮಾತ್ರ ಏರಿತು. ಇಲಿ, ಹೆಗ್ಗಣ, ರೋಲರ್ ಕೋಸ್ಟರ್‌ಗೆ ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಹೆದರಿಕೆ ಇದೆ ಅಂತ ಒಪ್ಪಿಕೊಂಡರು.

ಹಾಗಾದರೆ ಅಂತರವೆಲ್ಲ ಸುಳ್ಳಾ? ಇಲ್ಲ. ಇಲ್ಲೇ ಸಾಮಾಜಿಕ ಆತಂಕದ ಸಂಗತಿ ಬೇಕಾಗುವುದು. ಹೆಂಗಸರು ಸುಮ್ನೆ ಹೆಚ್ಚು ಹೇಳಿಕೊಳ್ಳುತ್ತಾರೆ, ಗಂಡಸರು ಮುಚ್ಚಿಡುತ್ತಾರೆ ಅನ್ನುವುದೇ ಪೂರ್ತಿ ಕಾರಣವಾಗಿದ್ದರೆ, ಎಲ್ಲ ಬಗೆಯ ಆತಂಕದಲ್ಲೂ ಅದೇ ಅಂತರ ಕಾಣಬೇಕಿತ್ತು. ಜನರೆದುರು ಹೆದರುತ್ತೇನೆ ಎಂದು ಒಪ್ಪಿಕೊಳ್ಳುವುದೇನು ಗಂಡಸಿಗೆ ಸುಲಭವೇ? ಆದರೂ ಅಲ್ಲಿ ಸಮ ಬಂತು. ಅಂದರೆ ಹೇಳಿಕೊಳ್ಳುವುದರ ವ್ಯತ್ಯಾಸ ಒಂದು ಪಾಲು. ಉಳಿದ ಪಾಲಿಗೆ ಬೇರೆ ಕಾರಣ ಬೇಕು.

ದೇಹದ ವಾದ, ಬದುಕಿನ ವಾದ

ದೇಹವೇ ಕಾರಣ ಅನ್ನುವವರ ಹತ್ತಿರ ಒಳ್ಳೆಯ ಸಾಕ್ಷ್ಯ ಇದೆ. ಹುಡುಗ ಹುಡುಗಿಯರ ನಡುವಿನ ಅಂತರ ಚಿಕ್ಕಂದಿನಲ್ಲಿ ಸಣ್ಣದು, ಹದಿಹರೆಯದಲ್ಲಿ ಅಗಲವಾಗುತ್ತದೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ದೇಹದಲ್ಲಿ ಒಡೆದಾಗ ಬರುವ ಒಂದು ರಾಸಾಯನಿಕ ಮೆದುಳನ್ನು ಶಾಂತವಾಗಿಡುವ ವ್ಯವಸ್ಥೆಗೆ ಬಲ ಕೊಡುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ ಮತ್ತು ಹೆರಿಗೆಯ ನಂತರ ಅದು ದಿಢೀರ್ ಇಳಿಯುತ್ತದೆ. ಕೆಲವರಿಗೆ ಆ ಇಳಿತ ತಡೆಯುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಇದ್ದಕ್ಕಿದ್ದಂತೆ ಮೈ ಬಿಸಿಯಾಗುವುದು, ಎದೆ ಬಡಿದುಕೊಳ್ಳುವುದು ಸಾಮಾನ್ಯ.

ಬದುಕೇ ಕಾರಣ ಅನ್ನುವವರು ಕೊರೊನಾ ವರ್ಷವನ್ನು ಮುಂದಿಡುತ್ತಾರೆ. 2020ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಸೇರಿಕೊಂಡ ಆತಂಕದ ಪ್ರಕರಣಗಳು 7.62 ಕೋಟಿ ಎಂದು 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು. ಹೆಂಗಸರು 5.18 ಕೋಟಿ, ಗಂಡಸರು 2.44 ಕೋಟಿ. ಒಂದೇ ವರ್ಷದಲ್ಲಿ ಕೋಟ್ಯಂತರ ಹೆಂಗಸರ ಹಾರ್ಮೋನು ಬದಲಾಗಲಿಲ್ಲ. ಬದಲಾದದ್ದು ಮನೆ. ಶಾಲೆ ಮುಚ್ಚಿತು, ಕೆಲಸ ಹೋಯಿತು, ಕಾಯಿಲೆಯವರ ಆರೈಕೆ ಹೆಗಲಿಗೆ ಬಿತ್ತು, ಹೊಡೆಯುವ ಗಂಡ ಇಡೀ ದಿನ ಮನೆಯಲ್ಲೇ ಉಳಿದ.

ಮಾಮೂಲಿ ವರ್ಷಗಳಲ್ಲಿ ಹೊರೆ ಕಡಿಮೆಯೇನಲ್ಲ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ. ಇನ್ನು ಹೊಡೆತದ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49ರ ವಯಸ್ಸಿನ ಹೆಂಗಸರು ಕರ್ನಾಟಕದಲ್ಲಿ ಶೇ 44.4. ದೇಶದ ಸರಾಸರಿ ಶೇ 29.3. ರಾಜ್ಯಗಳಲ್ಲಿ ನಮ್ಮದೇ ಮೊದಲು. ಯಾವಾಗ ಬಾಗಿಲು ಬಡಿಯುತ್ತಾನೋ ಅಂತ ಕಿವಿಗೊಟ್ಟು ಕೂತ ಹೆಂಗಸಿನ ಗಾಬರಿಗೆ ಹಾರ್ಮೋನಿನ ವಿವರಣೆ ಹುಡುಕುವುದು ಸ್ವಲ್ಪ ಅತಿಯಾಯಿತು.

ಇವೆರಡರ ಮಧ್ಯೆ ಮೂರನೆಯ ವಾದ ಒಂದಿದೆ. ಕಲಿಕೆಯ ವಾದ. ನನಗೆ ತುಂಬ ಒಪ್ಪಿಗೆಯಾಗುವುದು ಇದು. ಅಡುಗೆಮನೆಯ ಗೋಡೆ ಮೇಲೆ ಹಲ್ಲಿ ಬಂತು ಅಂದುಕೊಳ್ಳಿ. ಮಗಳು ಕಿರುಚಿದರೆ ಯಾರಾದರೂ ಬಂದು ಪೊರಕೆಯಿಂದ ಓಡಿಸುತ್ತಾರೆ. ಮಗ ಕಿರುಚಿದರೆ 'ಗಂಡು ಹುಡುಗ ಆಗಿ ಹೆದರ್ತೀಯಾ, ಹೋಗು ನೀನೇ ಓಡಿಸು' ಅನ್ನುತ್ತಾರೆ, ಪೊರಕೆ ಅವನ ಕೈಗೇ ಬರುತ್ತದೆ. ಹೆದರುವ ವಸ್ತುವನ್ನು ಮತ್ತೆ ಮತ್ತೆ ಎದುರಿಸಿದರೆ ಭಯ ಸವೆಯುತ್ತದೆ. ತಪ್ಪಿಸಿಕೊಂಡಷ್ಟೂ ಬೆಳೆಯುತ್ತದೆ. ಚಿಕಿತ್ಸೆಯಲ್ಲೂ ಬಳಸುವುದು ಇದೇ ಸೂತ್ರ. ಹಾಗಾಗಿ ಹುಡುಗನಿಗೆ ಹಲ್ಲಿಯ ಭಯ ಹೋಗುತ್ತದೆ, ಹುಡುಗಿಗೆ ಉಳಿಯುತ್ತದೆ.

ಆದರೆ ಅದೇ ಕ್ಷಣದಲ್ಲಿ ಇನ್ನೊಂದು ಪಾಠವೂ ನಡೆದಿರುತ್ತದೆ. 'ನಂಗೆ ಹೆದರಿಕೆ ಆಗ್ತಿದೆ' ಅಂತ ಹೇಳಿದರೆ ಸಹಾಯ ಸಿಗುತ್ತದೆ ಅಂತ ಹುಡುಗಿ ಕಲಿತಳು. ಹೇಳಿದರೆ ನಗುತ್ತಾರೆ ಅಂತ ಹುಡುಗ ಕಲಿತ. 40ರ ವಯಸ್ಸಿನಲ್ಲಿ ಸೊಸೈಟಿ ಸಾಲದ ನೋಟಿಸ್ ಬಂದಾಗ ಅದನ್ನು ಪೊರಕೆಯಿಂದ ಓಡಿಸಲು ಆಗುವುದಿಲ್ಲ. ಆಗ ಅವನಿಗೆ ಬೇಕಿರುವುದು ಆ ಮೊದಲ ವಾಕ್ಯ. ಅದು ಅವನ ಬಾಯಲ್ಲಿ ಇಲ್ಲ.

ಗ್ಯಾಸು, ಸುಸ್ತು, ಧಾತು

'ಆತಂಕ' ಎಂಬುದು ಪತ್ರಿಕೆಯ ಪದ. ಡಾಕ್ಟರ ಎದುರು ಕೂತು 'ನನಗೆ ಆತಂಕ ಇದೆ' ಅಂತ ಯಾರೂ ಹೇಳುವುದಿಲ್ಲ. ಗಾಬರಿ, ದಿಗಿಲು, ಜೀವ ಝಲ್ ಅನ್ನತ್ತೆ, ಕೈಕಾಲು ತಣ್ಣಗಾಗತ್ತೆ ಅನ್ನುತ್ತಾರೆ. ಗಂಡಸರಾದರೆ ಹೆಚ್ಚಾಗಿ ಟೆನ್ಷನ್, ಇಲ್ಲವೇ ಗ್ಯಾಸ್.

ಕೆಲವು ಮಾತುಗಳು ಹೆಣ್ಣಿಗೇ ಬೇರೆ, ಗಂಡಿಗೇ ಬೇರೆ. ಗೋವಾದಲ್ಲಿ ನಡೆದ ಸಂಶೋಧನೆಯೊಂದು ಬಿಳಿ ಮುಟ್ಟಿನ ದೂರು ಹೇಳುವ ಹೆಂಗಸರನ್ನು ಪರೀಕ್ಷಿಸಿತು. ಆ ದೂರಿಗೆ ಸೋಂಕಿಗಿಂತ ಚಿಂತೆ, ಖಿನ್ನತೆಯ ಜೊತೆಗೇ ಗಟ್ಟಿ ನಂಟು ಕಂಡಿತು. ಗಂಡಸರಲ್ಲಿ ಇದಕ್ಕೆ ಸಮನಾದದ್ದು 'ಧಾತು ಹೋಗ್ತಿದೆ, ಶಕ್ತಿ ಉಳೀತಿಲ್ಲ' ಎಂಬ ಭಯ. ಧಾತು ಅಂದರೆ ಇಲ್ಲಿ ವೀರ್ಯ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಇದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ 'ಗುಪ್ತ ಸಮಸ್ಯೆ'ಗೆ ಔಷಧಿ ಕೊಡುವವರ ಪೋಸ್ಟರ್ ಯಾಕೆ ಅಷ್ಟಿರುತ್ತವೆ ಅಂದರೆ, ಅವರ ವ್ಯಾಪಾರದ ಒಂದು ಭಾಗ ನಿಂತಿರುವುದೇ ಗಂಡಸರ ಹೇಳಲಾಗದ ಗಾಬರಿಯ ಮೇಲೆ.

ಹೆಸರಿನಲ್ಲಿ ಭೇದ ಮಾಡುವುದು ಹಳ್ಳಿಯವರಷ್ಟೇ ಅಲ್ಲ. 1871ರಲ್ಲಿ ಅಮೆರಿಕದ ವೈದ್ಯ ಜೇಕಬ್ ಡಕೋಸ್ಟಾ ಅಂತರ್ಯುದ್ಧದ ಸೈನಿಕರ ಬಗ್ಗೆ ಬರೆದ. ಎದೆಬಡಿತ, ಏದುಸಿರು, ಎದೆನೋವು, ಸುಸ್ತು ಇತ್ತು. ಹೃದಯದಲ್ಲಿ ದೋಷ ಮಾತ್ರ ಸಿಗುತ್ತಿರಲಿಲ್ಲ. ಇದಕ್ಕೆ ಆಮೇಲೆ 'ಸೈನಿಕನ ಹೃದಯ' ಎಂಬ ಹೆಸರು ಬಿತ್ತು. ಅದೇ ಕಾಲದಲ್ಲಿ ಹೆಂಗಸು ಇಂಥ ದೂರು ಹೇಳಿಕೊಂಡು ಬಂದರೆ ಹಿಸ್ಟೀರಿಯಾ. ಆ ಪದದ ಮೂಲ ಗ್ರೀಕಿನ ಗರ್ಭಕೋಶ. ಅವನದ್ದಾದರೆ ಹೃದಯ, ಅವಳದ್ದಾದರೆ ಗರ್ಭಕೋಶ! ಅಮೆರಿಕದ ಮನೋವೈದ್ಯರ ಕೈಪಿಡಿಯಿಂದ ಹಿಸ್ಟೀರಿಯಾ ಎಂಬ ರೋಗದ ಹೆಸರು ಹೋಗಲು 1980ರವರೆಗೆ ಕಾಯಬೇಕಾಯಿತು.

ಸಾವಿನ ಅಂಕಿಯನ್ನು ಓದುವ ಬಗೆ

ಈಗ ಶೇ 72.8ಕ್ಕೆ ಬರೋಣ. ಆತ್ಮಹತ್ಯೆಯ ಅಂಕಿ ಆತಂಕದ ಅಳತೆಗೋಲಲ್ಲ. ಕುಡಿತ, ಸಾಲ, ಒಂಟಿತನ, ಕಾಯಿಲೆ, ಸಹಾಯ ಕೇಳದೇ ಇರುವುದು ಎಲ್ಲ ಅದರಲ್ಲಿ ಸೇರಿಕೊಂಡಿವೆ. ಬಹಳಷ್ಟು ದೇಶಗಳಲ್ಲಿ ಪ್ರಯತ್ನ ಮಾಡುವವರಲ್ಲಿ ಹೆಂಗಸರು ಜಾಸ್ತಿ, ಸಾಯುವವರಲ್ಲಿ ಗಂಡಸರು ಜಾಸ್ತಿ.

ಹಿಂದಿನ ವರ್ಷಗಳ ಇಂಥದೇ ಅಂಕಿಯನ್ನು ಹಿಡಿದು ಪುರುಷರಿಗೂ ರಾಷ್ಟ್ರೀಯ ಆಯೋಗ ಬೇಕು ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿತ್ತು. 2023ರ ಜುಲೈನಲ್ಲಿ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ, ಒಂದೇ ಕಡೆಯ ಚಿತ್ರ ಕೊಡುತ್ತಿದ್ದೀರಿ ಎಂದಿತು. ಅರ್ಜಿಯ ವಾದ ಏನೇ ಇರಲಿ, ಗಂಡಸರ ಸಾವು ದೊಡ್ಡ ಸಂಗತಿ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಹೆಂಗಸರ ಕಷ್ಟ ಸುಳ್ಳು ಅನ್ನಲು ಬಳಸಿದರೆ ಲೆಕ್ಕ ನಿಲ್ಲುವುದಿಲ್ಲ. 2016ರಲ್ಲಿ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ ಶೇ 36.6 ಮಂದಿ ಭಾರತದವರು. ಗಂಡಸರಲ್ಲಿ ಆ ಪಾಲು ಶೇ 24.3. 2022ರಲ್ಲಿ ಇಲ್ಲಿ ಸತ್ತ 48,172 ಹೆಂಗಸರಲ್ಲಿ 25,309 ಮಂದಿ ಗೃಹಿಣಿಯರು. ಅದೇ ವರ್ಷದ ಪಟ್ಟಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಸಂಖ್ಯೆ ಬರೀ 28. ಪೊಲೀಸರು ಅವರನ್ನು ಗಂಡು ಅಥವಾ ಹೆಣ್ಣು ಅಂತ ಬರೆದುಕೊಂಡಿರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅನುಮಾನ.

ತಪ್ಪು ಚೀಟಿ ಅಂಟಿಸಿದರೆ

ಆತಂಕ ಅಂದರೆ ಹೆಂಗಸರ ಕಾಯಿಲೆ ಅನ್ನುವ ಭಾವನೆ ಇಬ್ಬರಿಗೂ ಪೆಟ್ಟು ಕೊಡುತ್ತದೆ, ಬೇರೆ ಬೇರೆ ರೀತಿಯಲ್ಲಿ.

ಹೆಂಗಸು ಎದೆ ಡವಡವ, ಸುಸ್ತು ಅಂತ ಹೋದರೆ 'ಏನಿಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ' ಎಂದು ಕಳಿಸುವುದು ಸುಲಭ. ಆದರೆ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೂ ಎದೆ ಬಡಿದುಕೊಳ್ಳುತ್ತದೆ, ಏದುಸಿರು ಬರುತ್ತದೆ. ಥೈರಾಯ್ಡ್ ತೊಂದರೆ ಹೆಂಗಸರಲ್ಲೇ ಹೆಚ್ಚು. ಅದು ಏರಿದರೆ ಕೈನಡುಕ, ಬೆವರು, ನಿದ್ದೆಗೇಡು. ಹೃದಯಾಘಾತದಲ್ಲೂ ಹೆಂಗಸರಿಗೆ ವಾಕರಿಕೆ, ಸುಸ್ತು, ಬೆನ್ನುನೋವು ಹೆಚ್ಚಾಗಿ ಕಾಣಿಸಿಕೊಂಡು, ಟೆನ್ಷನ್ ಇರಬೇಕು ಅಂತ ತಡವಾಗುವುದುಂಟು. ಅದಕ್ಕೇ ಮನಸ್ಸಿನ ಚೀಟಿ ಅಂಟಿಸುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬೇಕಿದ್ದರೆ ಇಸಿಜಿ.

ಗಂಡಸಿನ ವಿಷಯದಲ್ಲಿ ಇದು ಉಲ್ಟಾ. ಎದೆ ಹಿಡಿದುಕೊಂಡು ಬಂದವನಿಗೆ ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲ ಆಗುತ್ತದೆ. ರಿಪೋರ್ಟ್ ನಾರ್ಮಲ್ ಬಂದರೆ ಗ್ಯಾಸಿನ ಮಾತ್ರೆ. ತಿಂಗಳಿಗೊಮ್ಮೆ ಇದೇ ಪುನರಾವರ್ತನೆ. ಪ್ಯಾನಿಕ್ ಇರಬಹುದಾ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅವನು ಇನ್ನೊಂದು ಆಸ್ಪತ್ರೆ ಹುಡುಕುತ್ತಾನೆ.

ಔಷಧಿಯ ಕಡೆಯೂ ಲೋಪ ಇದೆ. ಮೆದುಳಿನ ಸಂಶೋಧನೆಗಳಲ್ಲಿ ಗಂಡು ಪ್ರಾಣಿಗಳನ್ನಷ್ಟೇ ಬಳಸಿದವು, ಹೆಣ್ಣನ್ನಷ್ಟೇ ಬಳಸಿದವುಗಳ ಐದೂವರೆ ಪಟ್ಟು ಇದ್ದವು ಎಂದು 2011ರ ಪರಿಶೀಲನೆ ಹೇಳಿತು. ಹೆಂಗಸರಲ್ಲಿ ಹೆಚ್ಚು ಕಾಣುವ ಕಾಯಿಲೆಯನ್ನು ಗಂಡು ಇಲಿಯಲ್ಲಿ ಹುಡುಕಿದ ಹಾಗಾಯಿತು. ನಿದ್ದೆಮಾತ್ರೆ ಜೋಲ್ಪಿಡೆಮ್ ಹೆಂಗಸರ ದೇಹದಿಂದ ನಿಧಾನಕ್ಕೆ ಹೊರಹೋಗುತ್ತದೆ ಎಂದು ಗೊತ್ತಾಗಿ ಅಮೆರಿಕ ಅವರ ಡೋಸನ್ನು ಅರ್ಧಕ್ಕಿಳಿಸಿದ್ದು 2013ರಲ್ಲಿ. ಅಷ್ಟರಲ್ಲಿ ಆ ಮಾತ್ರೆ ಬಂದು ಎರಡು ದಶಕವಾಗಿತ್ತು.

ಮುಂದೇನು

ಅಮೆರಿಕದಲ್ಲಿ 2020ರಲ್ಲಿ ತಜ್ಞರ ಗುಂಪೊಂದು 13 ದಾಟಿದ ಹೆಣ್ಣುಮಕ್ಕಳಿಗೆಲ್ಲ ಆತಂಕದ ತಪಾಸಣೆ ಮಾಡಿ ಎಂದಿತ್ತು. 2023ರಲ್ಲಿ ಅಲ್ಲಿನ ಇನ್ನೊಂದು ಸಮಿತಿ ಇದನ್ನು 64 ವರ್ಷದೊಳಗಿನ ಎಲ್ಲ ವಯಸ್ಕರಿಗೂ ಹಿಗ್ಗಿಸಿತು. ನಮ್ಮಲ್ಲೂ ಈ ದಿಕ್ಕಿನಲ್ಲಿ ಮಾತು ಬಂದೇ ಬರುತ್ತದೆ. ಬಂದಾಗ ಒಂದು ತೊಡಕು ಎದುರಾಗುತ್ತದೆ. ಹೆಂಗಸರು ಆರೋಗ್ಯ ವ್ಯವಸ್ಥೆಗೆ ಸಿಗುತ್ತಾರೆ: ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಮಗುವಿನ ಲಸಿಕೆಗೆ ಹೋಗಲೇಬೇಕು. ದುಡಿಯುವ ವಯಸ್ಸಿನ ಗಂಡಸು ಎಲ್ಲಿಯೂ ಸಿಗುವುದಿಲ್ಲ. ಕರ್ನಾಟಕದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಒಳ್ಳೆಯದೇ. ಆದರೆ ಗಾರೆ ಕೆಲಸದವನಿಗೆ ಮಂಗಳವಾರ ಹಗಲು ಅಂದರೆ ಒಂದು ದಿನದ ಕೂಲಿ. ತಪಾಸಣೆ ತಾಯಿ-ಮಗುವಿನ ವಿಭಾಗದಲ್ಲಷ್ಟೇ ಶುರುವಾದರೆ ಮುಂದಿನ ವರದಿಯಲ್ಲಿ ಹೆಂಗಸರ ಆತಂಕ ಇನ್ನಷ್ಟು ಏರಿದಂತೆ ಕಾಣುತ್ತದೆ, ಗಂಡಸರದು ಇಳಿದಂತೆ. ಡಯಾಬಿಟಿಸ್, ಬಿಪಿ ತಪಾಸಣೆಯ ಟೇಬಲ್ಲಿನಲ್ಲಿ, ಮದ್ಯವ್ಯಸನದ ಕ್ಲಿನಿಕ್ಕಿನಲ್ಲಿ ಆ ಏಳು ಪ್ರಶ್ನೆಗಳ ಹಾಳೆಯ ಜೊತೆ ನಿದ್ದೆ, ಸಿಟ್ಟು, ಕುಡಿತದ ಪ್ರಶ್ನೆಗಳನ್ನೂ ಸೇರಿಸಿದರೆ ಬೇರೆ ಚಿತ್ರ ಸಿಗಬಹುದು.

ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ಶೇ 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ನಿಮ್ಹಾನ್ಸ್ ಸಮೀಕ್ಷೆ ಹೇಳಿತ್ತು. ಇದರಲ್ಲಿ ಹೆಣ್ಣು ಗಂಡು ಇಬ್ಬರೂ ಇದ್ದಾರೆ. ಆಸ್ಪತ್ರೆಗೆ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಫೋನ್ ಎತ್ತಿದವರಿಗೆ 'ಆತಂಕ' ಎಂಬ ಪದ ಹೇಳಬೇಕಿಲ್ಲ. 'ರಾತ್ರಿ ನಿದ್ದೆ ಬರ್ತಿಲ್ಲ' ಅಂದರೂ ಮಾತು ಶುರುವಾಗುತ್ತದೆ.